ಮಿದುಳಿನ ದೂತರನ್ನು ಅರಸಿದ ಅರ್ವಿಡ್ ಕಾರ್ಲ್‌ಸನ್ನರು

ಸರ್ಪಗಂಧವೆಂಬ ಗಿಡದ ಬೇರನ್ನು ನಮ್ಮ ದೇಶದ ವೈದ್ಯರು ಬಹುಕಾಲದಿಂದಲೂ ಹಾವು ಕಡಿದವರಿಗೆ, ನಿದ್ರೆ ಬಾರದವರಿಗೆ, ಬುದ್ಧಿಭ್ರಮಣೆಯಾದವರಿಗೆ ಕೊಡುತ್ತ ಬಂದಿದ್ದರೆಂಬುದು ಅನೇಕರಿಗೆ ತಿಳಿದ ಸಂಗತಿಯೇ ಆದರೂ, ಅದೇ ಬೇರಿನ ಸಾರವು ಕಡಲಾಚೆಯ ಸ್ವೀಡನ್ನಿನ ಒಂದು ಪ್ರಯೋಗಶಾಲೆಯಲ್ಲಿ, ಮಿದುಳಿನ ಒಂದು ನರಕೋಶವು ಮತ್ತೊಂದಕ್ಕೆ ಸುದ್ದಿ ಮುಟ್ಟಿಸುವ ರಹಸ್ಯವನ್ನು ಬಿಡಿಸುವುದಕ್ಕೆ ಸಾಧನವಾಯಿತೆಂಬುದನ್ನು ಬಲ್ಲವರು ವಿರಳ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಈ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ಇಳಿಸುವುದೆಂದು ಬರೆದರು. 1949ರಲ್ಲಿ ಮುಂಬಯಿಯ ಹೃದ್ರೋಗತಜ್ಞ ರುಸ್ತುಮ್ ಜಾಲ್ ವಕೀಲರು ತಮ್ಮ ರೋಗಿಗಳ ಮೇಲಿನ ಪರೀಕ್ಷೆಯ ಫಲವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಪಾಶ್ಚಾತ್ಯ ವೈದ್ಯಲೋಕದ ದೃಷ್ಟಿ ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಸರ್ಲೆಂಡಿನ ಸೀಬಾ ಕಂಪನಿಯ ರಸಾಯನವಿಜ್ಞಾನಿಗಳು ಬೇರಿನ ಮುಖ್ಯಸತ್ತ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದಕ್ಕೆ ರಿಸರ್ಪೈನ್ ಎಂದು ಹೆಸರಿಟ್ಟರು. ಅಲ್ಲಿಂದ ಮುಂದೆ ಅದು ರಕ್ತದ ಒತ್ತಡದ ಔಷಧವಾಗಿ, ಉನ್ಮಾದಶಾಮಕವಾಗಿ ದೇಶದೇಶಗಳಲ್ಲಿ ಮಾರಾಟವಾಯಿತು. ಆದರೆ ಅದನ್ನು ಸೇವಿಸಿದವರಲ್ಲಿ ಕೆಲವರು ಕಾರಣವಿಲ್ಲದ ಖಿನ್ನತೆಯಲ್ಲಿ ಮುಳುಗುತ್ತಿದ್ದರು. ಮತ್ತೆ ಕೆಲವರ ಕೈ ನಡುಗಿ, ಮೈ ಬಿಗಿದು, ಕಂಪವಾತ ಹಿಡಿದವರಂತೆಯೇ ಆಗುತ್ತಿದ್ದರು. ಈ ಉಪದ್ರವವನ್ನು ಔಷಧದ ದೋಷವೆಂದು ಬಗೆದು ಸುಮ್ಮನಾಗದೆ, ಮಿದುಳಿನೊಳಕ್ಕೆ ಇಣುಕುವ ಕಿಂಡಿಯನ್ನಾಗಿ ಮಾಡಿಕೊಂಡವರು ಅರ್ವಿಡ್ ಕಾರ್ಲ್‌ಸನ್ನರು.

ಕಾರ್ಲ್‌ಸನ್ನರು 1923ರ ಜನವರಿ 25ರಂದು ಸ್ವೀಡನ್ನಿನ ಉಪ್ಸಾಲದಲ್ಲಿ ಜನಿಸಿದರು. ತಂದೆ ಇತಿಹಾಸದ ಅಧ್ಯಾಪಕರು. ಅವರಿಗೆ ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಪದವಿ ದೊರೆತುದರಿಂದ ಕುಟುಂಬವು ಮಗುವಿಗೆ ಮೂರು ವರ್ಷವಾಗಿದ್ದಾಗ ಆ ಊರಿಗೆ ಬಂದು ನೆಲಸಿತು. ತಾಯಿಯೂ ವಿದುಷಿ, ಮಧ್ಯಯುಗದ ಸ್ವೀಡನ್ನಿನಲ್ಲಿ ಸ್ತ್ರೀಯರಿಗಿದ್ದ ಕಾನೂನಿನ ಸ್ಥಾನಮಾನಗಳನ್ನು ಕುರಿತು ಸಂಶೋಧನೆ ನಡೆಸಿದವರು. ಹೀಗೆ ಇತಿಹಾಸದ ಗ್ರಂಥಗಳ ನಡುವೆ ಬೆಳೆದ ಹುಡುಗನು ವೈದ್ಯವನ್ನು ಆರಿಸಿಕೊಂಡು 1941ರಲ್ಲಿ ಲುಂಡಿನಲ್ಲೇ ವ್ಯಾಸಂಗಕ್ಕೆ ತೊಡಗಿದನು. ನಾಜಿ ಬಂದೀಶಿಬಿರಗಳಿಂದ ಬಿಡಿಸಿ ಸ್ವೀಡನ್ನಿಗೆ ಕರೆತಂದವರ ದೇಹಪರೀಕ್ಷೆ ಮಾಡುವ ಕೆಲಸವೂ ಆ ವಿದ್ಯಾರ್ಥಿಯ ಪಾಲಿಗೆ ಬಂದಿತ್ತು. 1951ರಲ್ಲಿ ಡಾಕ್ಟರೇಟ್ ಪದವಿಯನ್ನು ತಂದುಕೊಟ್ಟ ಪ್ರಬಂಧದ ವಿಷಯ ಮಿದುಳಲ್ಲ, ನರವೂ ಅಲ್ಲ. ದೇಹದಲ್ಲಿ ಸುಣ್ಣದ ಅಂಶವು ಹೇಗೆ ಸೇರುತ್ತದೆ, ಹೇಗೆ ವ್ಯಯವಾಗುತ್ತದೆ ಎಂಬುದು. ತರುವಾಯ ಅವರು ಅರ್ಜಿ ಹಾಕಿದ ಹುದ್ದೆಯೊಂದು ಕೈಗೂಡಲಿಲ್ಲ. ಕ್ಯಾಲ್ಸಿಯಂ ವಿಚಾರವು ಔಷಧವಿಜ್ಞಾನದ ಕೇಂದ್ರಕ್ಕೆ ಸೇರಿದ್ದಲ್ಲವೆಂಬುದು ತಜ್ಞರ ಆಕ್ಷೇಪವಾಗಿತ್ತು. ಆ ಆಕ್ಷೇಪವನ್ನು ಮನಸ್ಸಿಗೆ ಹಚ್ಚಿಕೊಂಡ ಕಾರ್ಲ್‌ಸನ್ನರು, ಔಷಧವಿಜ್ಞಾನದ ನಡುಮನೆಯಲ್ಲೇ ಕೆಲಸ ಕಲಿತು ಬರುವೆನೆಂದು ಅಮೆರಿಕೆಗೆ ಹೊರಟರು. ವಿದ್ವತ್ಸಮಿತಿಗಳ ತಿರಸ್ಕಾರದಿಂದ ವಿಜ್ಞಾನಕ್ಕೆ ಇಷ್ಟು ದೊಡ್ಡ ಉಪಕಾರವಾದ ಪ್ರಸಂಗಗಳು ಹೆಚ್ಚಿರಲಾರವು.

ಆ ಕಾಲದ ನರವಿಜ್ಞಾನದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳದಿದ್ದರೆ ಮುಂದಿನ ಕಥೆಯ ಸ್ವಾರಸ್ಯ ತಿಳಿಯದು. ನರಕೋಶದ ಉದ್ದಕ್ಕೂ ವಿದ್ಯುತ್ಪ್ರವಾಹ ಹರಿಯುವುದೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಆದರೆ ಒಂದು ಕೋಶದ ತುದಿಗೂ ಮುಂದಿನದರ ಮೊದಲಿಗೂ ನಡುವೆ ಇರುವ ಅತಿಸೂಕ್ಷ್ಮವಾದ ಬಿರುಕನ್ನು ಸಂದೇಶವು ದಾಟುವ ಬಗೆ ಯಾವುದೆಂಬಲ್ಲಿ ವಿವಾದವಿತ್ತು. 1921ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಆಟೋ ಲೋವಿ ಅವರು, ಕಪ್ಪೆಯೊಂದರ ಹೃದಯದ ವೇಗಸ್ ನರವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿ, ಆ ಹೃದಯದಲ್ಲಿದ್ದ ದ್ರವವನ್ನು ಮತ್ತೊಂದು ಕಪ್ಪೆಯ ಹೃದಯಕ್ಕೆ ಹಾಕಲಾಗಿ, ಯಾವ ನರವೂ ಮುಟ್ಟದ ಆ ಎರಡನೆಯ ಹೃದಯವೂ ನಿಧಾನವಾದುದನ್ನು ಕಂಡಿದ್ದರು. ನರವು ಏನೋ ಒಂದು ರಸವನ್ನು ಸ್ರವಿಸುತ್ತದೆಂಬುದು ಇದರಿಂದ ಸಿದ್ಧವಾಯಿತು. ಆ ರಸವೇ ಅಸಿಟೈಲ್‌ಕೋಲಿನ್ ಎಂಬುದು ಲಂಡನ್ನಿನ ಸರ್ ಹೆನ್ರಿ ಡೇಲ್ ಅವರ ವರ್ಷಾನುಗಟ್ಟಲೆಯ ಶ್ರಮದಿಂದ ಸ್ಥಿರಪಟ್ಟು, 1936ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಆದರೂ ಹೃದಯ, ಕರುಳು, ಮಾಂಸಖಂಡಗಳ ವಿಷಯದಲ್ಲಿ ಒಪ್ಪಿಕೊಂಡ ಮಾತನ್ನು ಮಿದುಳಿಗೆ ಅನ್ವಯಿಸಲು ವಿದ್ವಾಂಸರು ಹಿಂಜರಿದರು. ಕ್ಷಣಾರ್ಧದಲ್ಲಿ ಆಲೋಚಿಸುವ ಮಿದುಳಿಗೆ ವಿದ್ಯುತ್ತಿನ ಕಿಡಿಯಲ್ಲದೆ ರಸದ ತೊಟ್ಟು ಸಾಲದೆಂಬುದು ಬಹುಮಂದಿಯ ಭಾವನೆಯಾಗಿತ್ತು.

1955ರಲ್ಲಿ ಕಾರ್ಲ್‌ಸನ್ನರು ಸೇರಿದ್ದು ವಾಷಿಂಗ್‌ಟನ್ನಿನ ಮಗ್ಗುಲಿನ ಬೆಥೆಸ್ಡದಲ್ಲಿ ಬರ್ನಾರ್ಡ್ ಬ್ರೋಡಿ ಅವರು ನಡೆಸುತ್ತಿದ್ದ ಪ್ರಯೋಗಶಾಲೆಯನ್ನು. ರಾಬರ್ಟ್ ಬೌಮನ್ ಎಂಬವರು ರೂಪಿಸಿದ ಹೊಸದೊಂದು ಉಪಕರಣ ಅಲ್ಲಿತ್ತು. ಆಯ್ದ ಅಲೆಯುದ್ದದ ಬೆಳಕನ್ನು ದ್ರಾವಣದ ಮೇಲೆ ಹಾಯಿಸಿ, ದ್ರಾವಣವು ಮರಳಿ ಸೂಸುವ ಪ್ರಭೆಯನ್ನು ಅಳೆದು, ಮಿದುಳಿನ ಚೂರೊಂದರಲ್ಲಿ ಅಡಗಿರುವ ಅತ್ಯಲ್ಪ ಪ್ರಮಾಣದ ರಾಸಾಯನಿಕವನ್ನೂ ಲೆಕ್ಕಕ್ಕೆ ತರುವ ಯಂತ್ರವದು. ಅದರ ನೆರವಿನಿಂದ ಬ್ರೋಡಿ ಮತ್ತವರ ಸಹೋದ್ಯೋಗಿಗಳು, ರಿಸರ್ಪೈನ್ ಕೊಟ್ಟ ಪ್ರಾಣಿಯ ಮಿದುಳಿನಿಂದ ಸಿರೊಟೋನಿನ್ ಎಂಬ ವಸ್ತು ಬಹುಮಟ್ಟಿಗೆ ಮಾಯವಾಗುವುದೆಂದು ಆಗತಾನೆ ತೋರಿಸಿದ್ದರು. ಇದೇ ಬಗೆಯಲ್ಲಿ ನಾರ್‌ಅಡ್ರಿನಲಿನ್ ಮೊದಲಾದ ಇತರ ವಸ್ತುಗಳೂ ಬರಿದಾಗುತ್ತಿರಬಹುದಲ್ಲವೇ, ಅದನ್ನೂ ಅಳೆಯೋಣವೆಂದು ಕಾರ್ಲ್‌ಸನ್ನರು ಸೂಚಿಸಿದರು. ಬ್ರೋಡಿಯವರಿಗೆ ಅದು ಕಾಲವ್ಯಯವೆಂದು ತೋರಿತು. ಅತಿಥಿಯಾಗಿ ಬಂದವನು ಯಜಮಾನನೊಡನೆ ವಾದಿಸುವುದುಂಟೇ? ಕಾರ್ಲ್‌ಸನ್ನರು ವಾದಿಸಲಿಲ್ಲ; ಲುಂಡಿನಲ್ಲಿದ್ದ ನಿಲ್ಸ್-ಓಕೆ ಹಿಲ್ಲಾರ್ಪ್ ಎಂಬ ಅಂಗರಚನಾತಜ್ಞರಿಗೆ ಕಾಗದ ಬರೆದು, ಊರಿಗೆ ಮರಳಿದ ಕೂಡಲೆ ಈ ಕಾರ್ಯವನ್ನು ಜೊತೆಗೂಡಿ ಕೈಗೊಳ್ಳೋಣವೆಂದು ಗೊತ್ತುಮಾಡಿಕೊಂಡರು.

ಹಿಂದಿರುಗಿ ಅಳೆದು ನೋಡಲಾಗಿ ಅವರ ಊಹೆ ನಿಜವಾಯಿತು: ರಿಸರ್ಪೈನು ಅಡ್ರಿನಲ್ ಗ್ರಂಥಿಯನ್ನೂ ನರಗಳನ್ನೂ ಮಿದುಳನ್ನೂ ಬರಿದು ಮಾಡುತ್ತಿತ್ತು. ಈ ಬರಿದಾಗುವಿಕೆಯ ಮರ್ಮವು ಕೆಲವು ವರ್ಷಗಳ ತರುವಾಯ ಹೊರಬಿದ್ದಿತು. ನರಕೋಶವು ತಾನು ತಯಾರಿಸಿದ ದೂತದ್ರವ್ಯವನ್ನು ಸೂಕ್ಷ್ಮವಾದ ಕೋಶಿಕೆಗಳಲ್ಲಿ ತುಂಬಿಟ್ಟು, ಸಂದೇಶ ಬಂದಾಗ ಅವುಗಳ ಬಾಯಿ ತೆರೆದು ಹೊರಚೆಲ್ಲುತ್ತದೆ. ರಿಸರ್ಪೈನು ತಯಾರಿಕೆಯನ್ನು ನಿಲ್ಲಿಸುವುದಿಲ್ಲ. ಕೋಶಿಕೆಯೊಳಕ್ಕೆ ದ್ರವ್ಯ ಹೋಗುವ ದಾರಿಯನ್ನು ಮುಚ್ಚಿಬಿಡುತ್ತದೆ. ನಮ್ಮ ಬಯಲುಸೀಮೆಯ ಒಕ್ಕಲಿಗನು ರಾಗಿಯನ್ನು ಬೆಳೆದು ತಂದರೂ, ಹಗೇವಿನ ಬಾಯಿ ಮುಚ್ಚಿಹೋಗಿ ಅಂಗಳದಲ್ಲೇ ಸುರಿಯಬೇಕಾಗಿ ಬಂದರೆ, ಬೆಳಗಾಗುವುದರೊಳಗೆ ಇಲಿಹೆಗ್ಗಣಗಳು ಅದನ್ನು ತಿಂದು ಮುಗಿಸುವಂತೆ, ಕೋಶದಲ್ಲಿ ಹೊರಗುಳಿದ ದ್ರವ್ಯವನ್ನು ಮೋನೋಅಮೀನ್ ಆಕ್ಸಿಡೇಸ್ ಎಂಬ ಕಿಣ್ವವು ನಾಶಮಾಡಿಬಿಡುತ್ತದೆ.

ಇನ್ನು ಮುಖ್ಯವಾದ ಪ್ರಯೋಗ. ರಿಸರ್ಪೈನ್ ಚುಚ್ಚಿದ ಮೊಲಗಳು ಸಾಯುವುದೂ ಇಲ್ಲ, ನಿದ್ರಿಸುವುದೂ ಇಲ್ಲ. ಅಲುಗಾಡದೆ ಕುಕ್ಕರಿಸಿ, ಕಿವಿಗಳನ್ನು ಜೋಲುಬಿಟ್ಟುಕೊಂಡು, ಸುತ್ತಲಿನ ಲೋಕದಲ್ಲಿ ತಮಗೇನೂ ಸಂಬಂಧವಿಲ್ಲವೆಂಬಂತೆ ಇದ್ದಲ್ಲೇ ಇರುತ್ತವೆ. ಬರಿದಾದ ಮಿದುಳನ್ನು ಮತ್ತೆ ತುಂಬಿ ನೋಡಬೇಕೆಂದು ಕಾರ್ಲ್‌ಸನ್ನರು ನಿಶ್ಚಯಿಸಿದರು. ಆದರೆ ನಾರ್‌ಅಡ್ರಿನಲಿನ್ನನ್ನಾಗಲಿ ಸಿರೊಟೋನಿನ್ನನ್ನಾಗಲಿ ರಕ್ತಕ್ಕೆ ಸೇರಿಸಿದರೆ ಮಿದುಳಿನ ಸುತ್ತಣ ಸೂಕ್ಷ್ಮರಕ್ತನಾಳಗಳ ಕಾವಲು ಅವನ್ನು ಒಳಕ್ಕೆ ಬಿಡುವುದಿಲ್ಲ. ಅವುಗಳ ಪೂರ್ವದ್ರವ್ಯಗಳಿಗಾದರೋ ಈ ಅಡ್ಡಿ ಇಲ್ಲ. ಸಿರೊಟೋನಿನ್ನಿನ ಪೂರ್ವದ್ರವ್ಯವನ್ನು ಕೊಟ್ಟು ನೋಡಿದರು. ಮೊಲಗಳಲ್ಲಿ ಚೈತನ್ಯ ಮೂಡಲಿಲ್ಲ. ನಾರ್‌ಅಡ್ರಿನಲಿನ್ನಿನ ಪೂರ್ವದ್ರವ್ಯವಾದ ಡೋಪವನ್ನು ರಕ್ತನಾಳಕ್ಕೆ ಕೊಟ್ಟರು. ಕಾಲುಗಂಟೆ ಕಳೆಯುವುದರೊಳಗೆ ಮೊಲಗಳು ಕಿವಿ ನಿಮಿರಿಸಿ, ತಲೆಯೆತ್ತಿ, ಏನೂ ಆಗಿಯೇ ಇಲ್ಲವೆಂಬಂತೆ ಓಡಾಡತೊಡಗಿದವು. ಮದ್ದಿಗೆ ಮೊದಲು ಹಾಗೂ ಮದ್ದಿನ ನಂತರ ತೆಗೆದ ಆ ಮೊಲಗಳ ಭಾವಚಿತ್ರಗಳು ಇಂದಿಗೂ ನರವಿಜ್ಞಾನದ ಪಠ್ಯಗಳಲ್ಲಿ ಕಾಣಸಿಗುತ್ತವೆ. ಮಾರ್ಗಿಟ್ ಲಿಂಡ್‌ಕ್ವಿಸ್ಟ್, ಟಾರ್ ಮಾಗ್ನುಸನ್ ಎಂಬ ಸಹಾಯಕರೊಡನೆ ಅವರು ಈ ಫಲಿತಾಂಶವನ್ನು 1957ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಸಾಮಾನ್ಯನಾದವನು ಇಲ್ಲಿಗೇ ತೃಪ್ತನಾಗಿ, ಡೋಪದಿಂದ ನಾರ್‌ಅಡ್ರಿನಲಿನ್ ಆಯಿತು, ಅದರಿಂದ ಮೊಲ ಎದ್ದಿತು ಎಂದು ಬರೆದು ಮುಗಿಸುತ್ತಿದ್ದನು. ಕಾರ್ಲ್‌ಸನ್ನರಿಗಿದ್ದ ಗುಣವಿಶೇಷವು ಇಲ್ಲಿಯೇ ವ್ಯಕ್ತವಾಗುತ್ತದೆ; ಅವರು ತರ್ಕವನ್ನು ನಂಬುವುದಕ್ಕೆ ಮೊದಲು ಅಳತೆಯನ್ನು ಕೇಳುತ್ತಿದ್ದರು. ಎದ್ದು ಓಡಾಡಿದ ಪ್ರಾಣಿಯ ಮಿದುಳನ್ನು ತೆಗೆದು ಪರೀಕ್ಷಿಸಲಾಗಿ ಅಲ್ಲಿ ನಾರ್‌ಅಡ್ರಿನಲಿನ್ ಇರಲೇ ಇಲ್ಲ! ಹಾಗಾದರೆ ಪ್ರಾಣಿಯನ್ನು ಎಬ್ಬಿಸಿದ್ದು ಯಾವುದು? ಡೋಪವು ನಾರ್‌ಅಡ್ರಿನಲಿನ್ ಆಗುವ ಹಾದಿಯಲ್ಲಿ ನಡುವೆ ಡೋಪಮೈನ್ ಎಂಬ ಹಂತವೊಂದುಂಟು. 1910ರಲ್ಲೇ ಲಂಡನ್ನಿನಲ್ಲಿ ತಯಾರಾಗಿದ್ದ ಈ ವಸ್ತುವನ್ನು ಡೇಲ್ ಅವರೇ ಪರೀಕ್ಷಿಸಿ, ಅಡ್ರಿನಲಿನ್ನಿಗೆ ಹೋಲಿಸಿದರೆ ದುರ್ಬಲವಾದುದೆಂದು ಕಂಡಿದ್ದರು. ಅಂದಿನಿಂದ ಅದಕ್ಕೆ ಸ್ವಂತದ ಕೆಲಸವೇನೂ ಇಲ್ಲವೆಂಬ ನಂಬಿಕೆ ಬೇರೂರಿತ್ತು. ಕಾರ್ಲ್‌ಸನ್ನರು ಅದನ್ನು ಅಳೆಯುವ ಕ್ರಮವನ್ನು ಕಂಡುಹಿಡಿದು 1958ರಲ್ಲಿ ತೋರಿಸಿದ್ದೇನೆಂದರೆ: ಡೋಪಮೈನು ಮಿದುಳಿನಲ್ಲಿ ಸಹಜವಾಗಿಯೇ ಇರುವುದು ಮಾತ್ರವಲ್ಲ, ಕೇವಲ ಮಧ್ಯಂತರದ ವಸ್ತುವೆನ್ನಲಾಗದಷ್ಟು ಹೇರಳವಾಗಿದೆ, ರಿಸರ್ಪೈನಿನಿಂದ ಅದು ಮಾಯವಾಗುತ್ತದೆ, ಡೋಪದಿಂದ ಮರಳುತ್ತದೆ, ಅದು ಮರಳಿದೊಡನೆ ಚಲನೆಯೂ ಮರಳುತ್ತದೆ. ಮಿದುಳಿನಲ್ಲಿ ಡೋಪಮೈನನ್ನು 1957ರಲ್ಲಿ ಕ್ಯಾಥ್ಲೀನ್ ಮಾಂಟಗು ಎಂಬ ವಿದುಷಿಯೂ ಗುರುತಿಸಿದ್ದರೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಬೇಕು; ಆದರೆ ಅದರ ಇರವಿನಿಂದ ಅದರ ಕಾರ್ಯದವರೆಗೆ ದಾರಿಯನ್ನು ತೋರಿಸಿದವರು ಕಾರ್ಲ್‌ಸನ್ನರೇ. ಮರುವರ್ಷ ಅವರ ಶಿಷ್ಯರಾದ ಬರ್ಟ್ಲರ್ ಮತ್ತು ರೋಸೆನ್‌ಗ್ರೆನ್ನರು, ಡೋಪಮೈನಿನ ಬಹುಪಾಲು ಮಿದುಳಿನ ಆಳದಲ್ಲಿ, ಚಲನೆಯನ್ನು ಹತೋಟಿಯಲ್ಲಿಡುವ ಸ್ಟ್ರಯೇಟಮ್ ಎಂಬ ಭಾಗದಲ್ಲಿಯೇ ತುಂಬಿದೆಯೆಂದು ಕಂಡರು. ರಿಸರ್ಪೈನ್ ಸೇವಿಸಿದ ರೋಗಿಗಳ ಕೈ ನಡುಗಿದ್ದೇಕೆಂಬುದು ಈಗ ಅರ್ಥವಾಯಿತು. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ಕಂಪವಾತಕ್ಕೂ ಡೋಪಮೈನಿನ ಕೊರತೆಗೂ ಸಂಬಂಧವಿರಬೇಕೆಂಬ ಅನುಮಾನವನ್ನು ಕಾರ್ಲ್‌ಸನ್ನರು ಬಹಿರಂಗವಾಗಿ ಮುಂದಿಟ್ಟರು.

ಇಷ್ಟು ಸ್ಪಷ್ಟವಾದ ಸಾಕ್ಷ್ಯವಿದ್ದರೂ 1960ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಸೇರಿದ ಪಂಡಿತಗೋಷ್ಠಿಯು ಕಾರ್ಲ್‌ಸನ್ನರನ್ನು ನಂಬಲಿಲ್ಲ. ಎಂಬತ್ತನ್ನು ದಾಟಿದ್ದ ಡೇಲ್ ಅವರೇ ಅಲ್ಲಿ ಭೀಷ್ಮಸ್ಥಾನದಲ್ಲಿದ್ದರು. ಸುತ್ತಲೂ ಅವರ ಶಿಷ್ಯಪ್ರಶಿಷ್ಯರು. ಡೋಪವು ಒಂದು ವಿಷವೆಂದು ಡೇಲ್ ಅಭಿಪ್ರಾಯಪಟ್ಟರು. ಮಿದುಳಿನಲ್ಲಿ ಈ ದ್ರವ್ಯಗಳಿಗೆ ಕೆಲಸವಿದೆಯೆಂದು ಊಹಿಸುವ ಸಾಹಸವನ್ನು ಈ ಗೋಷ್ಠಿಯಲ್ಲಿ ಯಾರೂ ಮಾಡಲಿಲ್ಲವೆಂಬ ಅರ್ಥದ ಮಾತನ್ನು ಗೋಷ್ಠಿಯಲ್ಲಿದ್ದ ಗ್ಯಾಡಮ್ ಎಂಬ ವಿದ್ವಾಂಸರು ಕೊನೆಯಲ್ಲಿ ಆಡಿದರು. ಅದೇ ಸಾಹಸವನ್ನು ಮಾಡಿದ ಸ್ವೀಡನ್ನಿನ ಮೂವತ್ತೇಳು ವರ್ಷದ ಪ್ರಾಧ್ಯಾಪಕರು ಅಲ್ಲಿಯೇ ಕುಳಿತಿದ್ದರು. ಕಪ್ಪೆಯ ಹೃದಯದ ಮಟ್ಟಿಗೆ ರಸದ ಪಕ್ಷವನ್ನು ಹಿಡಿದು ಗೆದ್ದವರೇ ಮಿದುಳಿನ ಮಟ್ಟಿಗೆ ಆ ಪಕ್ಷವನ್ನು ಅನುಮಾನಿಸಿದುದು ವಿಚಿತ್ರವೆನಿಸಿದರೂ, ನನಗೆ ಅವರ ಮೇಲೆ ಕೋಪ ಬರುವುದಿಲ್ಲ: ಯೌವನದಲ್ಲಿ ಒಂದು ಮಹಾವಿವಾದವನ್ನು ಗೆದ್ದವನಿಗೆ ಅದರ ಗಡಿಯೇ ಸತ್ಯದ ಗಡಿಯೆಂದು ತೋರುವುದು ಮನುಷ್ಯಸಹಜ.

ಗೋಥೆನ್‌ಬರ್ಗಿನಲ್ಲಿ 1959ರಿಂದ ಪ್ರಾಧ್ಯಾಪಕರಾಗಿದ್ದ ಕಾರ್ಲ್‌ಸನ್ನರು ವಾದವನ್ನು ಬೆಳೆಸುವ ಬದಲು ಕಣ್ಣಿಗೆ ಕಾಣುವ ಪ್ರಮಾಣವನ್ನು ಅರಸಿದರು. ಅದನ್ನು ಒದಗಿಸಿದವರು ಗೆಳೆಯ ಹಿಲ್ಲಾರ್ಪರು ಮತ್ತು ಬೆಂಗ್ಟ್ ಫಾಲ್ಕ್ ಎಂಬವರು. ಹೆಪ್ಪುಗಟ್ಟಿಸಿ ಒಣಗಿಸಿದ ಮಿದುಳಿನ ತೆಳುಬಿಲ್ಲೆಯನ್ನು ಫಾರ್ಮಾಲ್ಡಿಹೈಡಿನ ಆವಿಗೆ ಒಡ್ಡಿ, ಅತಿನೇರಳೆ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಇರುವ ಕೋಶಗಳು ಹಸಿರಾಗಿಯೂ ಸಿರೊಟೋನಿನ್ ಇರುವವು ಹಳದಿಯಾಗಿಯೂ ಬೆಳಗುವುವು. ಇದರಿಂದ, ದೂತದ್ರವ್ಯವು ಮಿದುಳಿನಲ್ಲಿ ಎಲ್ಲೆಂದರಲ್ಲಿ ಹರಡಿದ ದ್ರವವಲ್ಲ, ಗೊತ್ತಾದ ನರಕೋಶಗಳ ಒಳಗೆ, ಗೊತ್ತಾದ ಹಾದಿಗಳಲ್ಲಿ, ತಂತುಗಳ ತುದಿಯ ಗಂಟುಗಳಲ್ಲಿ ಕೂಡಿಟ್ಟ ಸಂಪತ್ತು ಎಂಬುದು ನಿಸ್ಸಂಶಯವಾಯಿತು. 1964ರ ಹೊತ್ತಿಗೆ ಅನಿಕ ಡಾಲ್‌ಸ್ಟ್ರಮ್ ಮತ್ತು ಶೆಲ್ ಫುಕ್ಸೆ ಎಂಬ ತರುಣರು ಈ ಹಾದಿಗಳ ನಕ್ಷೆಯನ್ನೇ ಬರೆದರು. ಮರುವರ್ಷ ಹಿಲ್ಲಾರ್ಪರು ಅಕಾಲಮರಣಕ್ಕೆ ಈಡಾದರು. ಅವರು ಬದುಕಿದ್ದಿದ್ದರೆ ಮುಂದೆ ಕಾರ್ಲ್‌ಸನ್ನರಿಗೆ ಬಂದ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ಸಲ್ಲುತ್ತಿತ್ತೆಂದು ನಾನು ಎಣಿಸುತ್ತೇನೆ. ಮಾನವನ ಮಿದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಡೋಪಮೈನನ್ನು ಬಳಸುವಂಥವು ಕೆಲವೇ ಲಕ್ಷ; ಅವುಗಳಲ್ಲಿ ಮುಖ್ಯವಾದ ಒಂದು ಗುಂಪು ನಡುಮಿದುಳಿನಲ್ಲಿ ಕಪ್ಪುಬಣ್ಣದ ಪಟ್ಟಿಯಾಗಿ ಕಾಣುತ್ತದೆ, ಕಂಪವಾತದಲ್ಲಿ ಸಾಯುವುದು ಅದೇ ಗುಂಪು.

ಪ್ರಾಣಿಗಳಿಂದ ಮನುಷ್ಯನವರೆಗಿನ ಹೆಜ್ಜೆಯನ್ನು ಇಟ್ಟವರು ವಿಯೆನ್ನಾದ ಓಲೆ ಹಾರ್ನಿಕೀವಿಚ್ ಅವರು. ಕಂಪವಾತದಿಂದ ತೀರಿಕೊಂಡವರ ಸ್ಟ್ರಯೇಟಮ್ ಭಾಗವನ್ನೂ ಬೇರೆ ಕಾರಣಗಳಿಂದ ತೀರಿಕೊಂಡವರದನ್ನೂ ಒಟ್ಟಿಗೆ ಪರೀಕ್ಷಿಸಿದಾಗ, ಅಯೋಡಿನ್ ಬೆರೆಸಿದ ನಳಿಕೆಗಳ ಪೈಕಿ ಎರಡನೆಯವರದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಮೊದಲಿನವರದರಲ್ಲಿ ಬಣ್ಣ ಏರಲೇ ಇಲ್ಲ. ಕೊರತೆಯು ಬರಿಗಣ್ಣಿಗೇ ಗೋಚರವಾಯಿತು. ಇದು 1960ರಲ್ಲಿ. ಮರುವರ್ಷವೇ ಅವರು ವಾಲ್ಟರ್ ಬಿರ್ಕ್‌ಮಾಯರ್ ಎಂಬ ವೈದ್ಯರನ್ನು ಒಪ್ಪಿಸಿ ರೋಗಿಗಳಿಗೆ ಡೋಪದ ಒಂದು ರೂಪವಾದ ಎಲ್-ಡೋಪವನ್ನು ರಕ್ತನಾಳದ ಮೂಲಕ ಕೊಡಿಸಿದರು. ಮಲಗಿದ್ದವರು ಎದ್ದು ಕುಳಿತರು, ಕುಳಿತಿದ್ದವರು ಎದ್ದು ನಿಂತರು, ಆದರೆ ಆ ಫಲವು ಕೆಲವು ಗಂಟೆಗಳಲ್ಲೇ ಇಳಿದುಹೋಗುತ್ತಿತ್ತು. ಬಾಯಲ್ಲಿ ಹೆಚ್ಚಾಗಿ ಕೊಡೋಣವೆಂದರೆ ವಾಂತಿಯ ಕಾಟ. ಬಾಸೆಲಿನ ಮಾರ್ಕುಸ್ ಗುಗೆನ್‌ಹೈಮ್ ಎಂಬ ರಸಾಯನವಿಜ್ಞಾನಿಯು 1913ರಲ್ಲಿ ಅವರೆಯ ಜಾತಿಗೆ ಸೇರಿದ ಬೀನ್ಸ್ ಒಂದರಿಂದ ಈ ವಸ್ತುವನ್ನು ತೆಗೆದು, ಕುತೂಹಲದಿಂದ ತಾನೇ ನುಂಗಿ, ವಾಂತಿ ಮಾಡಿಕೊಂಡು ಕಷ್ಟಪಟ್ಟಿದ್ದನು. (ಮುಟ್ಟಿದವರನ್ನು ತುರಿಸಿ ಕೊಲ್ಲುವ ನಮ್ಮ ನಸುಗುನ್ನಿಯ ಬೀಜದಲ್ಲಿಯೂ ಈ ಎಲ್-ಡೋಪವೇ ಉಂಟೆಂಬುದನ್ನು 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ತೋರಿಸಿದ್ದರು, ಅದು ಒಂದು ರೋಗದ ಔಷಧವಾಗುವುದೆಂದು ಆಗ ಯಾರು ಬಲ್ಲರು!) ಕೊನೆಗೆ 1967ರಲ್ಲಿ ಅಮೆರಿಕೆಯ ಜಾರ್ಜ್ ಕೋಟ್ಸಿಯಾಸ್ ಅವರು, ಅಲ್ಪಪ್ರಮಾಣದಿಂದ ತೊಡಗಿ ವಾರವಾರವೂ ಏರಿಸುತ್ತ ಹೋಗುವ ತಾಳ್ಮೆಯ ಕ್ರಮದಿಂದ ದಿನಕ್ಕೆ ಹಲವು ಗ್ರಾಮುಗಳವರೆಗೆ ಕೊಟ್ಟು, ಡೋಪವನ್ನು ನಿತ್ಯದ ಚಿಕಿತ್ಸೆಯನ್ನಾಗಿ ಮಾಡಿದರು.

ಕಾರ್ಲ್‌ಸನ್ನರ ಲಕ್ಷ್ಯವು ಅಷ್ಟರಲ್ಲಿ ಬೇರೊಂದು ಪ್ರಶ್ನೆಯ ಕಡೆಗೆ ಹರಿದಿತ್ತು. ಸ್ಕಿಜೋಫ್ರೇನಿಯದ ರೋಗಿಗಳನ್ನು ಶಾಂತಗೊಳಿಸುವ ಕ್ಲೋರ್‌ಪ್ರೊಮಜಿನ್, ಹಾಲೊಪೆರಿಡಾಲ್‌ಗಳು ರಿಸರ್ಪೈನಿನಂತೆಯೇ ಕೆಲಸಮಾಡಿದರೂ ಮಿದುಳನ್ನು ಬರಿದು ಮಾಡುತ್ತಿರಲಿಲ್ಲ. 1963ರಲ್ಲಿ ಅವರೂ ಲಿಂಡ್‌ಕ್ವಿಸ್ಟರೂ ಇಲಿಗಳಲ್ಲಿ ಅಳೆದು ನೋಡಲಾಗಿ, ಈ ಔಷಧಗಳನ್ನು ಕೊಟ್ಟಾಗ ದೂತದ್ರವ್ಯದ ಖರ್ಚು ಕಡಮೆಯಾಗುವ ಬದಲು ಹೆಚ್ಚಿತ್ತು. ಸಂದೇಶವನ್ನು ಸ್ವೀಕರಿಸುವ ಗ್ರಾಹಕಗಳನ್ನು ಔಷಧವು ಮುಚ್ಚಿಬಿಟ್ಟಿದೆ, ಸಂದೇಶ ಮುಟ್ಟಲಿಲ್ಲವೆಂದು ತಿಳಿದ ಕೋಶವು ಇನ್ನಷ್ಟು ಮತ್ತಷ್ಟು ದ್ರವ್ಯವನ್ನು ಕಳುಹಿಸುತ್ತಿದೆ ಎಂದು ಅವರು ಅರ್ಥಮಾಡಿದರು. ಮನೋರೋಗದ ಔಷಧವಿಜ್ಞಾನವು ಆ ಒಂದು ಅನುಮಾನದ ಮೇಲೆ ದಶಕಗಳ ಕಾಲ ನಿಂತಿತು. ಈಚೆಗೆ ವರ್ತಮಾನಪತ್ರಿಕೆಗಳೂ ಮೊಬೈಲ್ ಫೋನಿನ ಉಪದೇಶಕರೂ ಡೋಪಮೈನನ್ನು ಸಂತೋಷದ ರಾಸಾಯನಿಕವೆಂದು ಕೊಂಡಾಡುವುದನ್ನು ಕೇಳುವಾಗ ನನಗೆ ಆ ಮೊಲಗಳ ನೆನಪಾಗುತ್ತದೆ. ಅವುಗಳಿಗೆ ಮರಳಿ ಬಂದದ್ದು ಆನಂದವೆಂದು ಯಾರು ಹೇಳಬಲ್ಲರು? ಕಣ್ಣಿಗೆ ಕಂಡದ್ದು ಚಲನೆ ಮತ್ತು ಎಚ್ಚರ. ಕಾರ್ಲ್‌ಸನ್ನರು ಬರೆದದ್ದೂ ಅಷ್ಟನ್ನೇ.

ಖಿನ್ನತೆಯ ಔಷಧಗಳ ವಿಷಯದಲ್ಲಿಯೂ ಅವರ ಪಾತ್ರವಿದೆ. ಹೊರಚೆಲ್ಲಿದ ಸಿರೊಟೋನಿನ್ನನ್ನು ಕೋಶವು ಮರಳಿ ಹೀರಿಕೊಳ್ಳುವುದನ್ನು ಮಾತ್ರ ತಡೆದು ಬೇರಾವುದನ್ನೂ ಮುಟ್ಟದ ಔಷಧವೊಂದು ಬೇಕೆಂದು, ಅವರು ಆಸ್ಟ್ರಾ ಕಂಪನಿಗೆ ಸೇರಿದ ಸಂಸ್ಥೆಯ ರಸಾಯನವಿಜ್ಞಾನಿಗಳ ಜೊತೆಗೂಡಿ ಜಿಮೆಲಿಡಿನ್ ಎಂಬುದನ್ನು ರೂಪಿಸಿದರು. ಆ ಬಗೆಯ ಔಷಧಗಳಲ್ಲಿ ಮಾರುಕಟ್ಟೆಗೆ ಬಂದ ಮೊದಲನೆಯದು ಅದು. ಆದರೆ ಸೇವಿಸಿದವರಲ್ಲಿ ಕೆಲವರಿಗೆ ನರಗಳನ್ನು ನಿಶ್ಚೇಷ್ಟಗೊಳಿಸುವ ಗಿಲಾನ್-ಬಾರೆ ವ್ಯಾಧಿ ಕಾಣಿಸಿಕೊಂಡುದರಿಂದ 1983ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೇ ತತ್ತ್ವದ ಮೇಲೆ ಬೇರೆಯವರು ಮಾಡಿದ ಪ್ರೊಜಾಕ್ ಕೆಲವೇ ವರ್ಷಗಳಲ್ಲಿ ಜಗದ್ವಿಖ್ಯಾತವಾಯಿತು. ಬಹುಮತಕ್ಕೆ ಅಂಜದ ಸ್ವಭಾವ ಕಾರ್ಲ್‌ಸನ್ನರದು. ಹಲ್ಲಿನ ರಕ್ಷಣೆಗಾಗಿ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವುದನ್ನು ದಂತವೈದ್ಯರು ಎತ್ತಿಹಿಡಿಯುತ್ತಿದ್ದ ಕಾಲದಲ್ಲಿ, ಯಾರ ಹೊಟ್ಟೆಗೆ ಎಷ್ಟು ಸೇರುತ್ತದೆಂಬ ಲೆಕ್ಕವಿಲ್ಲದೆ ಔಷಧವನ್ನು ನೀರಿನಲ್ಲಿ ಕಲಸುವುದು ಔಷಧಶಾಸ್ತ್ರಕ್ಕೇ ವಿರುದ್ಧವೆಂದು ವಿರೋಧಿಸಿದರು. 1971ರಲ್ಲಿ ಸ್ವೀಡನ್ನಿನ ಸಂಸತ್ತು ಅದಕ್ಕೆ ಅವಕಾಶ ಕೊಟ್ಟಿದ್ದ ಕಾನೂನನ್ನು ರದ್ದುಪಡಿಸಿತು.

2000ನೆಯ ಇಸವಿಯಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಪಾಲ್ ಗ್ರೀನ್‌ಗಾರ್ಡ್ ಮತ್ತು ಎರಿಕ್ ಕ್ಯಾಂಡೆಲ್ಲರೊಡನೆ ಕಾರ್ಲ್‌ಸನ್ನರಿಗೆ ನೊಬೆಲ್ ಬಂದಿತು. ಹಾರ್ನಿಕೀವಿಚ್ಚರನ್ನು ಬಿಟ್ಟದ್ದು ಅನ್ಯಾಯವೆಂದು ಇನ್ನೂರಕ್ಕೂ ಹೆಚ್ಚು ಮಂದಿ ನರವಿಜ್ಞಾನಿಗಳು ಬಹಿರಂಗಪತ್ರಕ್ಕೆ ಸಹಿ ಹಾಕಿದರು. ಗುಲಾಬಿ ಬಣ್ಣ ಏರದ ಆ ನಳಿಕೆಗಳ ಕಥೆಯನ್ನು ಬಲ್ಲ ಯಾರೇ ಆದರೂ ಅವರ ಮಾತಿಗೆ ತಲೆದೂಗಬೇಕಾದ್ದೇ.

1989ರಲ್ಲಿ ನಿವೃತ್ತರಾದ ಮೇಲೂ ಕಾರ್ಲ್‌ಸನ್ನರು ಸುಮ್ಮನಿರಲಿಲ್ಲ. ಡೋಪಮೈನ್ ಹೆಚ್ಚಾದಲ್ಲಿ ತಗ್ಗಿಸಿ ಕಡಮೆಯಾದಲ್ಲಿ ಏರಿಸುವ ಸಮತೋಲಕಗಳೆಂಬ ಹೊಸ ಬಗೆಯ ಔಷಧಗಳ ಬೆನ್ನುಹತ್ತಿ, ಮಗಳು ಮರಿಯಾ ಅವರ ಜೊತೆಯಲ್ಲಿ ದುಡಿಯುತ್ತ, 2018ರ ಜೂನ್ 29ರಂದು ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಲ್-ಡೋಪವು ಇಂದಿಗೂ ಕಂಪವಾತದ ಪ್ರಧಾನ ಔಷಧ. ಮಿದುಳನ್ನು ಸೇರುವ ಮೊದಲೇ ಅದು ಡೋಪಮೈನ್ ಆಗಿಬಿಡದಂತೆ ತಡೆಯುವ ಕಾರ್ಬಿಡೋಪವನ್ನು ಬೆರೆಸಿ ಕೊಡುವುದರಿಂದ ಗ್ರಾಮುಗಳ ಪ್ರಮಾಣವು ಮಿಲಿಗ್ರಾಮುಗಳಿಗೆ ಇಳಿದಿದೆ, ವಾಂತಿಯ ಕಾಟ ಕಡಮೆಯಾಗಿದೆ. ಹಲವು ವರ್ಷ ಸೇವಿಸಿದವರಲ್ಲಿ ಮಾತ್ರ ಮಾತ್ರೆಯ ಬಲವು ಹೊತ್ತಿಗೆ ಮುಂಚೆ ಇಳಿದುಹೋಗುವುದೂ, ಏರಿದ ಹೊತ್ತಿನಲ್ಲಿ ಕೈಕಾಲುಗಳು ತಾವಾಗಿಯೇ ತಿರುಚಾಡುವುದೂ ಉಂಟು. ನಡುಮಿದುಳಿನ ಆ ಕಪ್ಪುಪಟ್ಟಿಯ ಕೋಶಗಳು ಸಾಯುವುದನ್ನು ತಡೆಯುವ ಮದ್ದು ಇನ್ನೂ ದೊರೆತಿಲ್ಲ.